ಗುರುಸಂಗಪ್ಪನವರ ದವಡೆ ಹಲ್ಲು

ಕೊಟ್ಟೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಗುರುಸಂಗಪ್ಪನವರು ತಮ್ಮ ದವಡೆ ಹಲ್ಲುಗಳನ್ನು ಒಂದೊಂದಾಗಿ ಎಲೆ, ಅಡಿಕೆ, ತಂಬಾಕಿಗೆ ಒಪ್ಪಿಸಿದ್ದರು. ತೆಗೆದು ಹಾಕುವ ಹಲ್ಲಿನ ಸೆಟ್ಟು ಮುದುಕರಿಗೆ ಎಂಬುದು ಅವರ ಅಭಿಪ್ರಾಯ. ಅವರಿಗಾಗ ಅರವತ್ತು ದಾಟಿತ್ತು. ದಾವಣಗೆರೆಯ ಡಾಕ್ಟರೊಬ್ಬರು ದವಡೆಯ ಮೂಳೆಗೇ ಸ್ಕ್ರೂ ಕೂರಿಸಿ, ಅದರ ಮೇಲೆ ಹಲ್ಲು ಕಟ್ಟುತ್ತಾರೆಂದು 2007ರಲ್ಲಿ ಕೇಳಿ ತಿಳಿದು, ತಂಬಾಕು ಬಿಟ್ಟು ಹೋಗಿ ಮಾಡಿಸಿಕೊಂಡರು.

ಸ್ಕ್ರೂ ಮೂಳೆಗೆ ಕಚ್ಚಿಕೊಳ್ಳಲು ಕೆಲವು ತಿಂಗಳು ಬೇಕು. ಅಲ್ಲಿಯವರೆಗೆ ಹೆಂಡತಿ ದಾಕ್ಷಾಯಣಮ್ಮ ಗಂಜಿ ಕಾಯಿಸಿ, ಅನ್ನ ಮಿದ್ದು ಬಡಿಸಿದರು. ಹಲ್ಲು ಕೂತ ಮೇಲೆ ದರ್ಶನ ಶುರುವಾಯಿತು. ಹಿಂದಿನ ಹಲ್ಲು ನಕ್ಕರೆ ಕಾಣುವುದಿಲ್ಲವಲ್ಲ. ಸೀರೆ ಕೊಳ್ಳಲು ಬಂದವರ ಮುಂದೆ ಗುರುಸಂಗಪ್ಪ ಬೆರಳಿನಿಂದ ಕೆನ್ನೆ ಎಳೆದು ತೋರಿಸುವರು. ಕತ್ತಲೆ ಎಂದರೆ ಬ್ಯಾಟರಿಯನ್ನೂ ತಾವೇ ಹಿಡಿಯುವರು. ನೆಂಟರ ಹುಡುಗನಿಗೆ ಹೆಣ್ಣು ನೋಡಲು ಹೋದ ಮನೆಯಲ್ಲೂ ಬಾಯಿ ತೆರೆದು ಬಂದರು.

ಇನ್ನು ದಿನವೂ ಖಡಕ್ ರೊಟ್ಟಿಯೇ ಆಗಬೇಕು. ದಾಕ್ಷಾಯಣಮ್ಮ ತಮ್ಮ ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ ತಿನ್ನುವುದನ್ನು ಕಂಡು, ರೊಟ್ಟಿ ತಿನ್ನಲೂ ಬಾರದವಳೆಂದು ನಗುತ್ತಿದ್ದರು.

ಮರುತಪಾಸಣೆಗೆ ಹೋದಾಗ ಆಕೆಯೂ ಜೊತೆಗಿದ್ದರು. ಗಂಡ ಕುರ್ಚಿಯಿಂದ ಇಳಿದದ್ದೇ, ತಾವು ಹತ್ತಿ ಕೂತು ಬಾಯಿ ತೆರೆದರು. ಎರಡೂ ಕಡೆ ದವಡೆ ಹಲ್ಲೇ ಇರಲಿಲ್ಲ. ಎಷ್ಟು ವರ್ಷದಿಂದ ಹೀಗೆ ಎಂದು ಡಾಕ್ಟರು ಕೇಳಿದರು.

"ಹತ್ತು ವರ್ಷದ ಮ್ಯಾಲಾತ್ರಿ."

ಡಾಕ್ಟರು ಗುರುಸಂಗಪ್ಪನವರ ಕಡೆ ನೋಡಿದರು. ಅರ್ಧ ತಾಲ್ಲೂಕಿಗೆ ತಮ್ಮ ಬಾಯಿ ತೋರಿಸಿದ್ದ ಅವರಿಗೆ ಹೆಂಡತಿಯ ಬಾಯಿಯ ಸುದ್ದಿಯೇ ಗೊತ್ತಿರಲಿಲ್ಲ. ಆದರೂ ಸಾವರಿಸಿಕೊಂಡು, ಮನೆಯಲ್ಲೇ ಇರುವ ಹೆಂಗಸು, ಹೇಗೋ ನಡೆಯುತ್ತಿದೆ, ಈ ವಯಸ್ಸಿನಲ್ಲಿ ಇವಳಿಗೇಕೆ ಎಂದರು.

"ನೀವು ಹೊರಗ ಕುಂದರ್ರಿ," ಎಂದರು ದಾಕ್ಷಾಯಣಮ್ಮ. "ಬಾಯಿ ನಂದೈತಿ, ನಾನ ಮಾತಾಡ್ತೀನಿ."

ಗುರುಸಂಗಪ್ಪ ಹೊರಗೆ ಹೋಗಿ ಕೂತರು. ಆಕೆಯ ಮೂಳೆ ಗಂಡನದಕ್ಕಿಂತ ಗಟ್ಟಿ ಇದೆಯೆಂದು ಡಾಕ್ಟರು ಆಮೇಲೆ ಹೇಳಿದ್ದು ಅವರಿಗೆ ಹಿಡಿಸಲಿಲ್ಲ.

ಸ್ಕ್ರೂ ಕೂರಿಸಿಕೊಂಡು ಬಂದ ದಾಕ್ಷಾಯಣಮ್ಮ, ಎರಡೆರಡು ಅಡುಗೆ ತಮ್ಮ ಕೈಲಾಗದೆಂದರು. ಆ ತಿಂಗಳುಗಳೆಲ್ಲ ಗುರುಸಂಗಪ್ಪನವರು ಹೊಸ ಹಲ್ಲಿಟ್ಟುಕೊಂಡು ಗಂಜಿ ಕುಡಿದರು.

ಆಕೆಯ ಹಲ್ಲು ಕೂತು ಕೆಲದಿನಗಳಾದ ಮೇಲೆ ಒಂದು ಮಧ್ಯಾಹ್ನ, ಅಡುಗೆಮನೆಯಿಂದ ಕರುಂ ಕರುಂ ಸದ್ದು ಬಂತು. ತಮಗೂ ಒಂದು ರೊಟ್ಟಿ ತರುವಂತೆ ಗುರುಸಂಗಪ್ಪ ಪಡಸಾಲೆಯಿಂದ ಕೂಗಿದರು.

"ಡಬ್ಬ್ಯಾಗ ಅದಾವ, ಎದ್ದು ಬಂದು ತಗೊಳ್ರಿ," ಎಂದು ದಾಕ್ಷಾಯಣಮ್ಮ ಅಗಿಯುತ್ತಲೇ ಹೇಳಿದರು.