ದೊಡ್ಡವ್ವನ ಗೊದಮೊಟ್ಟೆ, ಕೊಂಬೈ ಮಾವನ ಕಾಲು

ನಮ್ಮ ದೊಡ್ಡವ್ವ ವೀರಮ್ಮ ಕೂತರೂ ಬೈಗುಳ, ಎದ್ದರೂ ಬೈಗುಳ. ಊರಿನ ದೊಡ್ಡ ಮನುಷ್ಯರಿಗೇ ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಿದ್ದ ಆ ಹೆಂಗಸು, ಮಣ್ಣಿನ ಗುಡಾಣದ ಮುಂದೆ ಕುಕ್ಕರಗಾಲಲ್ಲಿ ಕೂತು, "ತಿನ್ನು ಕಣ್ಣೇ, ತಿನ್ನು ರಾಜಾ. ನಿಂಗೆ ಕಾಲು ಬರ್ಬ್ಯಾಡ್ವಾ? ತಿನ್ದೆ ಇದ್ರೆ ಹೆಂಗೆ ಬಂದಾತು?" ಎಂದು ಗೋಗರೆಯುತ್ತಿದ್ದಳು. ಗುಡಾಣದಲ್ಲಿ ಇದ್ದದ್ದು ಗೊದಮೊಟ್ಟೆಗಳು. ಎಳ್ಳು ಚೆಲ್ಲಿದ ಹಾಗೆ ಕರ್ರಗೆ, ಬಾಲ ಆಡಿಸುತ್ತ ಓಡಾಡುವ ಕಪ್ಪೆಯ ಕೂಸುಗಳು. ನನ್ನನ್ನು ಸಾಕಿದವಳೂ ಅವಳೇ. ಆದರೆ ನನ್ನನ್ನು ಒಂದು ದಿನವಾದರೂ ಹಾಗೆ ರಮಿಸಿ ಉಣಿಸಿದ್ದು ನೆನಪಿಲ್ಲ. "ಉಣ್ತೀಯೋ, ನಾಯಿಗೆ ಹಾಕ್ಲೋ?" ಅಷ್ಟೇ ನನ್ನ ಪಾಲಿಗೆ.

ಅವಳು ನನ್ನ ಅಪ್ಪನ ಅಣ್ಣನ ಹೆಂಡತಿ. ಗಂಡ ಬೇಗ ಹೋದ, ಮಕ್ಕಳಿಲ್ಲ. ನನ್ನ ಅವ್ವ ತೀರಿಕೊಂಡ ದಿನವೇ ನನ್ನನ್ನು ಸೊಂಟಕ್ಕೇರಿಸಿಕೊಂಡವಳು ಇಳಿಸಲಿಲ್ಲ. ಅಪ್ಪ ಬಾಯಿಲ್ಲದ ಮನುಷ್ಯ. ತಮಿಳು ಸೀಮೆಯ ಓಡೈಪಟ್ಟಿಯ ನಮ್ಮ ಮನೆ, ಗದ್ದೆ, ಎತ್ತು, ಅಪ್ಪ, ಎಲ್ಲವೂ ದೊಡ್ಡವ್ವನ ಕೈಯಲ್ಲೇ ಇದ್ದವು.

ಕೋಡೆಮಳೆ ಎಂದು ನಾವು ಕರೆಯುವ ಬೇಸಗೆ ಮಳೆ ಬಿದ್ದರೆ ನಮ್ಮ ಬಾವಿಯ ಪಕ್ಕದ ಗುಂಡಿಯಲ್ಲಿ ನೀರು ನಿಲ್ಲುತ್ತಿತ್ತು. ಕಪ್ಪೆ ಮೊಟ್ಟೆಯಿಡುತ್ತಿತ್ತು. ಮರಿ ಹೊರಗೆ ಬರುವ ಹೊತ್ತಿಗೆ ಬಿಸಿಲು ಜೋರಾಗಿ ಗುಂಡಿ ಬತ್ತಿ, ಕೆಸರಿನಲ್ಲಿ ಅವು ಮಿಲಮಿಲ ಅನ್ನುತ್ತಿದ್ದವು. ದೊಡ್ಡವ್ವ ಅವನ್ನು ಬೊಗಸೆಯಲ್ಲಿ ಬಾಚಿಕೊಂಡು ಮನೆಗೆ ತರುತ್ತಿದ್ದಳು. ಯಾರಾದರೂ ನಕ್ಕರೆ ಮುಗಿಯಿತು. "ನನ್ನ ಸಸಿಮಡಿ ಹುಳಾನ ನೀ ಬಂದು ತಿಂತೀಯೇನೋ? ಇವು ತಿಂತವೆ. ನಿನ್ನಂಗೆ ತಿಂದು ತಿಣ್ಣೆ ಮ್ಯಾಲೆ ಒರಗಲ್ಲ." ಕೇಳಿದವನು ಮತ್ತೆ ಆ ಬೀದಿಯಲ್ಲಿ ನಗುತ್ತಿರಲಿಲ್ಲ.

ಮೊದಲ ಸಲ ತಾಮ್ರದ ಹಂಡೆಯಲ್ಲಿ ಬಿಟ್ಟಳಂತೆ. ಬೆಳಗಾಗುವಷ್ಟರಲ್ಲಿ ಎಲ್ಲವೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಮದುವೆಯಲ್ಲಿ ತವರಿನವರು ಕೊಟ್ಟ ಹಂಡೆ ಅದು. ಅದಕ್ಕೆ "ಕೊಲೆಗಾತಿ" ಎಂದು ಹೆಸರಿಟ್ಟು ಹಿತ್ತಿಲಿಗೆ ತಳ್ಳಿದಳು. ನಾವೆಲ್ಲ "ಕೊಲೆಗಾತೀಲಿ ಸಗಣಿ ತುಂಬ್ಕೊಂಡು ಬಾ" ಎಂದು ಸಲೀಸಾಗಿ ಅನ್ನುತ್ತಿದ್ದೆವು, ಬಂದ ನೆಂಟರು ಬೆಚ್ಚಿ ಬೀಳುತ್ತಿದ್ದರು. ಆಮೇಲೆ ಮಣ್ಣಿನ ಗುಡಾಣವೇ ಗತಿ. ಗುಂಡಿಯ ನೀರನ್ನೇ ತಂದು ತುಂಬಬೇಕು. ಬದಲಿಸುವಾಗ ಅರ್ಧ ಮಾತ್ರ ಬದಲಿಸಬೇಕು. ಅನ್ನ ಹಾಕಿದರೆ ನೀರು ಹುಳಿಯುತ್ತದೆ, ಬೇಯಿಸಿದ ಕೀರೆಸೊಪ್ಪೇ ಆಗಬೇಕು, ಅದೂ ಚಿಟಿಕೆಯಷ್ಟು. ಹಿಂಗಾಲು ಬಂದರೆ ಅವಳ ಮುಖ ಅರಳುತ್ತಿತ್ತು, ಮುಂಗಾಲು ಬಂದರೆ ಬಾಡುತ್ತಿತ್ತು. ನನ್ನನ್ನು ಪುಳ್ಳೆ, ಅಂದರೆ ಮಗು, ಎಂದು ಕರೆದು ಹೇಳುತ್ತಿದ್ದಳು: "ಈಗ್ಲೇ ಸಾಯೋ ಕಾಲ ಪುಳ್ಳೆ. ಬಾಲ ಕರಗೋವಾಗ ಅದ್ಕೆ ಮೇಲ್ಗಡೆ ಗಾಳಿ ಬೇಕು, ಇಲ್ದಿದ್ರೆ ನೀರ್ನಾಗೇ ಮುಳುಗೋಗ್ತದೆ, ನೀರ್ನಾಗ್ ಹುಟ್ಟಿದ್ದು!" ಅದಕ್ಕೆಂದೇ ಗುಡಾಣದೊಳಗೆ ಒಂದು ಒರಟು ಕಲ್ಲನ್ನು ಓರೆಯಾಗಿ ಇಟ್ಟು, ಹತ್ತಿ ಕೂರಲು ದಾರಿ ಮಾಡುತ್ತಿದ್ದಳು. ಕಾಗೆ ಬರದ ಹಾಗೆ ಬಾಯಿಗೆ ಹಳೇ ಸೀರೆಯ ತುಂಡು ಹೊದಿಸುತ್ತಿದ್ದಳು.

ಇನ್ನು ನನ್ನ ಮದುವೆಯ ಮಾತು. ನಮ್ಮ ಜನದಲ್ಲಿ ಹೆಣ್ಣಿನ ಮೇಲೆ ಮೊದಲ ಹಕ್ಕು ಸೋದರತ್ತೆಯ ಮಗನದು. ನನ್ನ ಸೋದರತ್ತೆಯ ಮನೆ ಕೊಂಬೈಯಲ್ಲಿ. ಅವಳ ಮಗ ಬೊಮ್ಮಯ್ಯನೇ ನನ್ನ ಗಂಡ ಅಂತ ನಾನು ಲಂಗ ಉಡುವ ಮುಂಚೆಯೇ ತೀರ್ಮಾನವಾಗಿತ್ತು. ನನಗೂ ಅವನೆಂದರೆ ಪ್ರಾಣ. ಆದರೆ ಒಂದು ಮದುವೆ ಮನೆಯಲ್ಲಿ ದೊಡ್ಡವ್ವ ವೀಳ್ಯದ ತಟ್ಟೆ ಹಿಡಿದು ಹೊರಟವಳು, ಮೊದಲ ವೀಳ್ಯ ಸಲ್ಲಬೇಕಾದ ಬೊಮ್ಮಯ್ಯನ ಅಪ್ಪ ಕೊಂಬೈ ಮಾವನನ್ನು ದಾಟಿ ಪಕ್ಕದವನಿಗೆ ಕೊಟ್ಟುಬಿಟ್ಟಳು. ಮಾವ ಎಲೆಯ ಮುಂದಿನಿಂದ ಎದ್ದ. "ವೀರಮ್ಮ ನನ್ನ ಕಾಲಿಗ್ ಬೀಳೋಗಂಟ ಆ ಮನೆ ತಣ್ಣಿ ಒಂದ್ ಗುಟುಕೂ ಕುಡಿಯಲ್ಲ" ಅಂದ. ದೊಡ್ಡವ್ವ, "ಆ ಕಾಲಿಗಾ? ಕೊಳ್ಳಿ ಇಟ್ಟೇನು, ತಲೆ ಇಡಲ್ಲ" ಅಂದಳು. ಅಲ್ಲಿಗೆ ಎರಡೂ ಮನೆಗೆ ಹೊಕ್ಕುಬಳಕೆ ನಿಂತಿತು.

ಮೇಲೆ ಬೆಟ್ಟದಲ್ಲಿ ಬಿಳಿಯರು ಹೊಳೆಗೆ ಅಡ್ಡಲಾಗಿ ಕಟ್ಟೆ ಕಟ್ಟಿಸುತ್ತಿದ್ದ ಕಾಲ ಅದು. ಬೊಮ್ಮಯ್ಯ ಸುಣ್ಣದ ಗಾಡಿ ಹೊಡೆಯುತ್ತಿದ್ದ. ನಮ್ಮೂರ ಮುಂದೆ ಹಾದರೆ ಎತ್ತಿನ ಗೆಜ್ಜೆ ಬೇಕೆಂತಲೇ ಜೋರಾಗಿ ಆಡಿಸುತ್ತಿದ್ದ. ನಾನು ಒಳಗೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ದಿಂಡುಕ್ಕಲ್ಲಿನ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬ ನನ್ನನ್ನು ಕೇಳಿ ಕಳಿಸಿದ. ಅವನಿಗೆ ಎರಡನೇ ಮದುವೆ, ತಲೆ ನರೆತಿತ್ತು. ಊರ ಹಿರಿಯರು ಒಪ್ಪಿಕೊಳ್ಳಿ ಅಂದರು. ಆದರೆ ಹಕ್ಕುದಾರನ ಅಪ್ಪ ಹೆಣ್ಣಿನ ಮನೆಯ ಹೊಸ್ತಿಲ ಮುಂದೆ ನಿಂತು, "ಹೆಣ್ಣು ಬಿಟ್ಟೆ" ಎಂದು ವೀಳ್ಯದೆಲೆ ಹರಿದು ಹಾಕದೆ ಬೇರೆಯವರಿಗೆ ಕೊಡುವಂತಿಲ್ಲ. ಅದಕ್ಕೆಂದು ಕೊಂಬೈ ಮಾವ ಬರುವುದೆಂದು ನಿಶ್ಚಯವಾಯಿತು. ಹಿಂದಿನ ರಾತ್ರಿ ನಾನು ದೊಡ್ಡವ್ವನ ಕಾಲು ಹಿಡಿದುಕೊಂಡು, "ಒಂದ್ ಸಲ ಬಿದ್ಬಿಡು ದೊಡ್ಡವ್ವಾ" ಅಂದೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು. "ಅದೊಂದು ಕೇಳ್ಬ್ಯಾಡ ಪುಳ್ಳೆ" ಅಂದಳು. ಗದರಿಸಿ ಹೇಳಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮಾವ ಬಂದ. ಜೊತೆಗೆ ಹಿರಿಯರು, ಹಿಂದೆ ತಲೆ ತಗ್ಗಿಸಿಕೊಂಡು ಬೊಮ್ಮಯ್ಯ. ಹಕ್ಕು ಬಿಡುವವನು ಧೂಳು ಕಾಲಲ್ಲಿ ಬಾಯಿ ತೆರೆಯಬಾರದು, ಕಾಲು ತೊಳೆದೇ ಮಾತಾಡಬೇಕು. ಬಾಗಿಲ ಪಕ್ಕದ ಬೇವಿನ ನೆರಳಲ್ಲಿ ನಮ್ಮ ಕಾಲ್ತೊಳೆಯುವ ಗುಡಾಣ ಇರುವುದು ಎಲ್ಲರಿಗೂ ಗೊತ್ತು. ಅದು ಒಡೆದಿದೆ, ಗೊದಮೊಟ್ಟೆಗೆ ಮುಂಗಾಲು ಬಂದಿದ್ದರಿಂದ ತಂಪು ಬೇಕೆಂದು ದೊಡ್ಡವ್ವ ತನ್ನ ಗುಡಾಣವನ್ನು ಅದೇ ಜಾಗಕ್ಕೆ ತಂದಿಟ್ಟಿದ್ದಾಳೆ ಎಂಬುದು ಯಾರಿಗೆ ಗೊತ್ತು? ಮಾವ ಬಟ್ಟೆ ಸರಿಸಿ, ಅತ್ತ ನೋಡದೆಯೇ ಚೊಂಬು ಅದ್ದಿ, ಕಾಲ ಮೇಲೆ ಭಳಕ್ಕನೆ ಸುರಿದುಕೊಂಡ.

"ಅಯ್ಯಯ್ಯೋ! ಕಾಲು ಕದಲಿಸ್ಬ್ಯಾಡ!"

ದೊಡ್ಡವ್ವ ಜಗಲಿಯ ತಿಣ್ಣೆಯಿಂದ ಹಾರಿ ಮಾವನ ಪಾದಕ್ಕೆ ಹೋಗಿ ಬಿದ್ದಳು. ಮೊಣಕಾಲೂರಿ, ಹಣೆ ನೆಲಕ್ಕೆ ತಾಗುವ ಹಾಗೆ ಬಗ್ಗಿ, ಎರಡೂ ಕೈಯಲ್ಲಿ ಅವನ ಬೆರಳ ಸಂದಿಯಿಂದ ಮರಿಗಳನ್ನು ಆಯತೊಡಗಿದಳು. ಹಿಂದೆ ನಿಂತ ಹಿರಿಯರಿಗೆ ಕಂಡದ್ದು ಅವಳ ಬೆನ್ನು, ಅವನ ಕಾಲು. ಒಬ್ಬ ಮುದುಕ "ಮುರುಗಾ!" ಎಂದು ಕೈ ಮುಗಿದ. ಮಾವ ತನ್ನ ಕಾಲ ಕಡೆ ನೋಡಿದ. "ಎದ್ದೇಳು ವೀರಮ್ಮ. ನೀನೇ ಬಿದ್ಮ್ಯಾಲೆ ನಂಗೇನು ಕ್ವಾಪ? ಎದ್ದೇಳವ್ವ" ಎಂದು ಅವಳ ತಲೆಯ ಮೇಲೆ ಕೈಯಿಟ್ಟ.

ದೊಡ್ಡವ್ವನ ಬೆನ್ನು ಕಲ್ಲಾಯಿತು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಈಗ ಬಾಯಿ ಬಿಡುತ್ತಾಳೆ, ನಿನ್ನ ಕಾಲಿಗ್ಯಾವಳು ಬಿದ್ದಳೋ, ನನ್ನ ಮರಿ ತೆಗೀತಿದ್ದೀನಿ ಅಂತಾಳೆ, ಮುಗೀತು ನನ್ನ ಬಾಳು! ಅವಳು ನಿಧಾನವಾಗಿ ತಲೆಯೆತ್ತಿ ಬಾಗಿಲಲ್ಲಿದ್ದ ನನ್ನನ್ನು ನೋಡಿದಳು. ಅವಳ ಮುಷ್ಟಿಯೊಳಗೆ ಏನೋ ಒದೆಯುತ್ತಿತ್ತು. ಮುಖ ಕೆಂಪಡರಿತ್ತು. ಆಮೇಲೆ ಮತ್ತೆ ತಲೆ ಬಗ್ಗಿಸಿದಳು. "ಶೆರಿ ಅಣ್ಣಾ. ವಳಗ್ ಬಾ" ಅಂದಳು.

ಅವರೆಲ್ಲ ಒಳಗೆ ಹೋದದ್ದೇ ತಡ, ಮುಷ್ಟಿಯಲ್ಲಿದ್ದುದನ್ನು ಗುಡಾಣಕ್ಕೆ ಬಿಟ್ಟು ಬಗ್ಗಿ ನೋಡಿದಳು. "ಎಲ್ಲಾ ಉಸುರಾಡ್ತಾವೆ. ನಾ ಬಿದ್ದಿಲ್ಲ ಕಣೇ, ಬಗ್ಗಿದೆ ಅಷ್ಟೆ. ಆ ಮನುಷ್ಯನ ಬೆಳ್ ಸಂದೀಲಿ ಎಷ್ಟು ಮಣ್ಣು, ಥೂ, ರಾಗಿ ಬಿತ್ಬೋದು!" ಎನ್ನುತ್ತಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮದುವೆ ಆಯಿತು. ಮಾವ ಸುಮ್ಮನಿದ್ದನೇ? ಪ್ರತಿ ನಾಮಕರಣ, ಪ್ರತಿ ಔತಣದಲ್ಲಿ, "ವೀರಮ್ಮನಂಥಾ ವೀರಮ್ಮ ನನ್ ಕಾಲಿಗ್ ಬಿದ್ಲು ನೋಡಪ್ಪಾ" ಎಂದು ಶುರು ಮಾಡುತ್ತಿದ್ದ. ದೊಡ್ಡವ್ವ ಎಲೆಯಡಿಕೆ ಜಗಿಯುತ್ತ ಕೂತಿರುತ್ತಿದ್ದಳು, ದವಡೆ ಮಾತ್ರ ಬೀಸುಕಲ್ಲಿನ ಹಾಗೆ ತಿರುಗುತ್ತಿತ್ತು. ನಾನು ನಿಜ ಹೇಳಿಬಿಡಲಾ ಅಂದರೆ, "ನಿನ್ ಗಂಡನ್ ಮನೇಲಿ ನಿಂಗೆ ಅನ್ನ ಹುಟ್ಟದು ಬ್ಯಾಡ್ವಾ? ಮುಚ್ಚು" ಅನ್ನುತ್ತಿದ್ದಳು. ಪ್ರತಿ ಮಳೆಗಾಲಕ್ಕೂ ಬಾಲ ಕರಗಿದ ಮರಿಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಹೋಗಿ ಗದ್ದೆಯ ಬದುವಿನಲ್ಲಿ ಬಿಡುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಅವಳು ಹೋದ ಸುದ್ದಿ ಬಂದಾಗ ಮಾವನೂ ನಮ್ಮ ಜೊತೆ ಗಾಡಿ ಹತ್ತಿದ. ಆಗಲೇ ಕೋಲೂರಿ ನಡೆಯುವ ವಯಸ್ಸು. ತಿಣ್ಣೆಯ ಮೇಲೆ ಅವಳನ್ನು ಮಲಗಿಸಿದ್ದರು. ಚಿಕ್ಕವರು ಒಬ್ಬೊಬ್ಬರಾಗಿ ಕಾಲಿಗೆ ನಮಸ್ಕರಿಸುತ್ತಿದ್ದರು. ಹಿರಿಯನಾದವನು ಹಾಗೆ ಮಾಡುವ ರೂಢಿ ನಮ್ಮಲ್ಲಿಲ್ಲ. ಮಾವ ಕೋಲು ಬಿಸಾಡಿ, ಉದ್ದಕ್ಕೆ ಅವಳ ಪಾದದ ಹತ್ತಿರ ಬಿದ್ದ. ಜನ ಗಾಬರಿಯಾಗಿ ಎಬ್ಬಿಸಲು ಹೋದರು. ಅವನು ಏಳಲಿಲ್ಲ.

"ಅವತ್ತು ಇವ್ಳು ನನ್ ಕಾಲಿಗ್ ಬಿದ್ದಿರ್ಲಿಲ್ಲ. ಕಪ್ಪೆಮರಿ ಆಯ್ತಿದ್ಲು. ನಾನೇನು ಕುಲ್ಡನಾ? ಬೆಳ್ ಸಂದೀಲಿ ಬಾಲ ಆಡೋದು ಕಂಡೆ. ಹೆಣ್ಣು ಬಿಟ್ಟೆ ಅನ್ನಕ್ಕೆ ನಂಗೂ ಬಾಯಿ ಬರ್ತಿರ್ಲಿಲ್ಲ, ಅದ್ಕೇ ಬಿದ್ಲು ಅಂದ್ಬಿಟ್ಟೆ. ಇವತ್ತು ನಾ ಬಿದ್ದೀನಿ. ಎಲ್ಲಾರೂ ನೋಡ್ಕೊಳಿ."

ಅಲ್ಲಿಯವರೆಗೂ ನನಗೆ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ. "ನಿನ್ನೆ ಹೇಳ್ಬಾರ್ದಿತ್ತಾ ಮಾವಾ? ನಿನ್ನೆ ಇವ್ಳಿಗೆ ಹೇಳ್ಬಾರ್ದಿತ್ತಾ?" ಎಂದು ಕಿರುಚುತ್ತ, ಸೊಸೆ ಎಂಬುದನ್ನೂ ಮರೆತು ಅವನ ಬೆನ್ನಿಗೆ ಗುದ್ದಿದೆ. ಮಾವ ಗುದ್ದಿಸಿಕೊಳ್ಳುತ್ತಲೇ ಅವಳ ಪಾದದ ಹತ್ತಿರ ಬಿದ್ದಿದ್ದ.