ಗೋದಾಮಿನ ಬಾಗಿಲಿಗೆ ಎರಡು ಕಣ್ಣು

ಮಾನ್ವಿಯ ಹೊರವಲಯದ ಅಕ್ಕಿ ಗಿರಣಿಯಲ್ಲಿ ಮಂಗಳವಾರದ ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮುಸರ್ರತ್ ಗೋದಾಮಿನ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ಚೌಕಟ್ಟಿಗೆ ತಾವೇ ಕೂರಿಸಿದ ಕಳ್ಳಗಂಟೆಯ ಪೆಟ್ಟಿಗೆ ಬಿಚ್ಚುತ್ತಿದ್ದಾರೆ. ಮಾಲೀಕ ವಿರೂಪಣ್ಣ ತಲೆಯ ಮೇಲೇ ನಿಂತಿದ್ದಾರೆ. ಅವರ ನೋಟ ಪೆಟ್ಟಿಗೆಯ ಮೇಲಿಲ್ಲ, ಆಕೆಯ ಬೆರಳುಗಳ ಮೇಲಿದೆ.

"ಸೋಮವಾರ ಬಂತಂದ್ರ ರಾತ್ರಿ ಗಂಟಿ ಹೊಡಕೋತದ. ಓಡಿ ಬಂದ್ರ ನರಪಿಳ್ಳಿ ಇಲ್ಲ. ಹಿಂಗ ಮಂದಿಗೆ ಬ್ಯಾಸರಾಗಿ ಏಳೂದು ಬಿಟ್ರ, ಖರೇ ಕಳ್ಳಗ ಹಬ್ಬ. ಯಾರಿಗರ ಅನುಕೂಲ ಆಗ್ಲಿ ಅಂತ ಮಾಡಿದ್ದೇನವಾ ಇದು?"

ಮುಸರ್ರತ್ ಇನ್ನೊಂದು ತಿರುಪು ಬಿಚ್ಚುತ್ತಾರೆ. 'ಕಳ್ಳರ ಕೈಯಾಳು' ಎಂಬ ಮಾತು ಈ ಅಂಗಳ ದಾಟಿತೆಂದರೆ ಊರಿನ ಬೇರೆ ಯಾವ ಬಾಗಿಲೂ ತನಗೆ ತೆರೆಯದೆಂದು ಆಕೆಗೆ ಗೊತ್ತು.

ರಾಯಚೂರಿನಲ್ಲಿ ಅಪ್ಪನ ರೇಡಿಯೊ ಅಂಗಡಿಯಲ್ಲಿ ಬೆಸುಗೆ ಕಲಿತವರು ಆಕೆ. ಮದುವೆಯಾಗಿ ಮಾನ್ವಿಗೆ ಬಂದ ಮೇಲೆ ಕೆಟ್ಟ ಮಿಕ್ಸಿ, ಫ್ಯಾನುಗಳ ನಡುವೆ ಹೊಸದೊಂದು ಹುಚ್ಚು ಹತ್ತಿದೆ: ಬೆಳಕು ಬಿದ್ದರೆ ಕರೆಂಟು ಹರಿಯಬಿಡುವ, ಕತ್ತಲಾದರೆ ತಡೆಯುವ ಪುಟ್ಟ ಟ್ರಾನ್ಸಿಸ್ಟರು. ದೇವದುರ್ಗದ ಕೋಳಿ ಫಾರ್ಮಿನಲ್ಲಿ ಹೊತ್ತು ಮುಳುಗಿದರೆ ತಾನೇ ಹೊತ್ತುವ ದೀಪ ಆಕೆಯ ಕೈಯದೇ. ಇಲ್ಲಿ ಬಾಗಿಲ ಒಂದು ಬದಿಗೆ ಸಣ್ಣ ಬಲ್ಬು, ಎದುರಿಗೆ ಆ ಟ್ರಾನ್ಸಿಸ್ಟರಿನ ಗಾಜುಗಣ್ಣು. ನಡುವೆ ಯಾರಾದರೂ ಹಾದರೆ ಬೆಳಕು ತಪ್ಪಿ ಗಂಟೆ ಹೊಡೆಯುತ್ತದೆ.

ಪೆಟ್ಟಿಗೆಯೊಳಗೆ ಎಲ್ಲ ನೆಟ್ಟಗಿದೆ. ಗಾಜುಗಣ್ಣು ನೋಡಿದ್ದೇ ಮುಸರ್ರತ್ ಕೈ ನಿಲ್ಲುತ್ತದೆ. ಅದರ ಮೇಲೆ ಅಡ್ಡಡ್ಡ ವಿಭೂತಿ, ನಡುವೆ ಕುಂಕುಮದ ಬೊಟ್ಟು.

"ಇದು ಯಾರು ಹಚ್ಚಿದ್ದುರೀ?"

"ನಾನ. ಯಂತ್ರ ಅಂದಮ್ಯಾಲ ಸೋಮವಾರ ಪೂಜಿ ಆಗಬ್ಯಾಡೇನು? ತಕ್ಕಡಿಗೂ ಹಚ್ತೀನಿ. ಮಂಗಳವಾರ ಕಸ ಹೊಡಿಯೂವಾಗ ಒರಸೂದು."

ವಿಭೂತಿ ದಾಟಿ ಅಷ್ಟಿಷ್ಟು ಬೆಳಕು ಒಳಹೋಗುತ್ತದೆ. ರಾತ್ರಿ ಕರೆಂಟು ಕುಗ್ಗಿ ಬಲ್ಬು ಮಂಕಾದರೆ ಅದೂ ಇಲ್ಲ. ಕಳ್ಳನೇ ಬಂದನೆಂದು ಯಂತ್ರ ಕೂಗಿಕೊಳ್ಳುತ್ತದೆ. ಮುಸರ್ರತ್ ಕೈಯಲ್ಲಿ ಬಟ್ಟೆಯಿದೆ, ಆದರೆ ಒರೆಸುವುದಿಲ್ಲ. ಆಕೆ ವಿಭೂತಿ ಒರೆಸಿದಳಂತೆ ಎಂಬ ಸುದ್ದಿ ಯಾವ ಗಂಟೆಗಿಂತಲೂ ದೂರ ಕೇಳಿಸೀತು. ಬಟ್ಟೆಯನ್ನು ಮಾಲೀಕರಿಗೇ ಚಾಚುತ್ತಾರೆ.

"ನೀವ ಒರಸ್ರಿ, ಅಣ್ಣಾ."

"ತಪ್ಪು ದೇವರ ಮ್ಯಾಲ ಹಾಕಾಕತ್ತೀಯೇನು?"

"ಬಲ್ಬಿನ ಮ್ಯಾಲ ಹಾಕ್ರಿ ಬೇಕಾದ್ರ. ಒರಸಿ ನೋಡ್ರಿ ಮೊದಲ."

ವಿರೂಪಣ್ಣ ಒರೆಸುತ್ತಾರೆ. ಮುಸರ್ರತ್ ಬಲ್ಬನ್ನು ಮಂಕು ಮಾಡುತ್ತಾರೆ. ಗಂಟೆ ಸುಮ್ಮನಿದೆ. ನಂಬದ ವಿರೂಪಣ್ಣ ತಾವೇ ಮತ್ತೆ ವಿಭೂತಿ ಎಳೆಯುತ್ತಾರೆ. ಗಂಟೆ ಕಿರುಚಿಕೊಳ್ಳುತ್ತದೆ. ಅಕ್ಕಿ ಕೇರುತ್ತಿದ್ದ ಅನ್ನಮ್ಮ ಮೊರದ ಮರೆಯಲ್ಲಿ ನಗುತ್ತಾರೆ: "ಕಳ್ಳ ಸಿಕ್ಕ ನೋಡ್ರಿ, ಧಣಿ!"

ಆ ಬೆಳಿಗ್ಗೆಯೇ ಮುಸರ್ರತ್ ಕೆಳಗೆ ಇನ್ನೊಂದು ಬಲ್ಬು, ಇನ್ನೊಂದು ಕಣ್ಣು ಕೂರಿಸುತ್ತಾರೆ. "ಒಂದ ಕಣ್ಣಿನ ಮಾತು ನಂಬಬಾರ್ದು. ಎರಡೂ ಒಟ್ಟಿಗೆ ಕತ್ತಲ ಅಂದ್ರ ಮಾತ್ರ ಗಂಟಿ. ಮ್ಯಾಲಿಂದಕ್ಕ ಎಷ್ಟರ ಹಚ್ರಿ, ಕೆಳಗಿಂದು ಬಿಡ್ರಿ."

"ಒಂದು ಬಿಟ್ರ ಶಿವಗ ಸಿಟ್ಟು ಬರೂದಿಲ್ಲೇನು?"

"ಅವಗ ಮೂರು ಕಣ್ಣು ಅವರಿ, ಅಣ್ಣಾ. ಒಂದು ನಮಗ ಬಿಡ್ತಾನ."

ಮುಂದಿನ ಮಂಗಳವಾರ ಬೆಳಗಾಗುತ್ತಲೇ ವಿರೂಪಣ್ಣನ ಫೋನು. "ನಿನ್ನಿ ಗಂಟಿ ಹೊಡೀಲೇ ಇಲ್ಲ. ಕೆಡಿಸಿಟ್ಟು ಹೋಗೀಯೇನು?"

"ಯಾರಿಗೂ ಹೇಳದಂಗ ಬಾಗಿಲಾಗ ಹಾದು ನೋಡ್ರಿ."

ಫೋನಿನೊಳಗೆ ಗಂಟೆ ಹೊಡೆಯುತ್ತದೆ. ಮರುಗಳಿಗೆ ದಡದಡ ಕಾಲಸಪ್ಪಳ, ಅನ್ನಮ್ಮನ ಗದರಿಕೆ: "ಯಾರಲೇ ಅವಾ, ಹಿಡೀರಿ!" ಆಮೇಲೆ ವಿರೂಪಣ್ಣನ ಒದರಾಟ: "ಏ, ನಾನಬೇ, ನಾನ!"

ಮುಸರ್ರತ್ ಫೋನು ಕೆಳಗಿಡುತ್ತಾರೆ. "ಅವ್ರು ನನ್ನ ನಂಬದಿದ್ರ ಬ್ಯಾಡ್ರಿ," ಎಂದು ಪಕ್ಕದಲ್ಲಿದ್ದ ಗಂಡನಿಗೆ ಹೇಳುತ್ತಾರೆ. "ಗಂಟಿ ಕೇಳಿ ಮಂದಿ ಓಡಿ ಬಂದ್ರಲ್ಲ."