ಎದುರುಮನೆ ದೊಡ್ಡವ್ವ ತಟ್ಟಿಸಿದ ರೊಟ್ಟಿ

ಬಾಳೆಲೆಯ ಮೇಲೆ ತಟ್ಟಿದ ರೊಟ್ಟಿಯನ್ನು ಎಲೆ ಸಮೇತ ಕಾವಲಿಗೆ ಬೋರಲು ಹಾಕಿದಾಗ, ಎಲೆಯ ಅಂಚು ಕಮರುವ ವಾಸನೆ ಬರುತ್ತದೆ. ಇವತ್ತು ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಅದೇ ವಾಸನೆ. ನಿನ್ನೆ ಮಸಾಲೆ ದೋಸೆಗೆಂದು ಮಾಡಿದ ಆಲೂಗೆಡ್ಡೆ ಪಲ್ಯ ಅರ್ಧ ಪಾತ್ರೆ ಉಳಿದಿತ್ತು. ಅದನ್ನು ಹಿಸುಕಿ ಅಕ್ಕಿಹಿಟ್ಟಿಗೆ ಕಲಸಿದ್ದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎಚ್.ಡಿ. ಕೋಟೆಯ ಈ ಮನೆಯಲ್ಲಿರಲಿಲ್ಲ... ಕಟ್ಟೆಮಳಲವಾಡಿಯ ನಮ್ಮ ತವರಿನ ಬೀದಿಯಲ್ಲಿದ್ದೆ.

ಅಲ್ಲಿ ಎದುರುಮನೆಯಲ್ಲೊಬ್ಬರಿದ್ದರು. ನೆಂಟರೇನಲ್ಲ. ಬೀದಿಯ ಮಕ್ಕಳೆಲ್ಲ ದೊಡ್ಡವ್ವ ಅನ್ನುತ್ತಿದ್ದೆವು. ಬಾಯಿ ಜೋರು, ಕೈ ಇನ್ನೂ ಜೋರು. ಯಾರ ಮನೆಯ ಒಲೆ ಮುಂದೆಯಾದರೂ ಕೇಳದೆ ಕೂತುಬಿಡುವ ಹೆಂಗಸು. ಅವ್ವನಿಗೆ ಅದು ಒಳಗೊಳಗೇ ಸಿಟ್ಟು.

ನನಗೆ ಪಿರಿಯಾಪಟ್ಟಣದ ಕಡೆಯ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗ ಬಂದು ನೋಡಿ ಒಪ್ಪಿ ಹೋಗಿದ್ದ. ನನಗೂ ಹಿಡಿಸಿದ್ದ, ಸುಳ್ಳೇಕೆ ಹೇಳಲಿ. ಅವತ್ತು ಅವರ ಹಿರಿಯರು ಮಾತುಕತೆಗೆ ಬರುವವರಿದ್ದರು. ಅಪ್ಪ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಕೆಲಸ ಬಿಟ್ಟು, ಬಿಳಿ ಪಂಚೆಯುಟ್ಟು ಜಗಲಿಯಲ್ಲಿ ಕೂತಿದ್ದ. ಪೂರಿಗೆ ಹಿಟ್ಟು ಕಲಸಿಟ್ಟು, ದೊಡ್ಡ ಬೋಸಿ ತುಂಬ ಆಲೂಗೆಡ್ಡೆ ಪಲ್ಯ ಮಾಡಿ ಕಾದೆವು. ಮಧ್ಯಾಹ್ನ ಕಳೆದ ಮೇಲೆ ಅಪ್ಪನ ಫೋನು ಬಡಿದುಕೊಂಡಿತು. ಬೇರೆ ಕಡೆ ನಿಶ್ಚಯವಾಯಿತಂತೆ, ಬರುವುದಿಲ್ಲವಂತೆ. ಅಪ್ಪ ಪಂಚೆ ಬದಲಿಸಿ ಬ್ಯಾರನ್ನಿನ ಕಡೆ ನಡೆದ.

ನೆಂಟರು ಬರುತ್ತಾರೆಂದು ಬೀದಿಗೆಲ್ಲ ಗೊತ್ತಿತ್ತು. ಬರಲಿಲ್ಲ ಅನ್ನುವುದು ಗೊತ್ತಾಗಲು ಎಷ್ಟು ಹೊತ್ತು? ಹುಡುಗಿಯಲ್ಲೇ ಏನೋ ಐಬಿದೆ ಅಂದುಕೊಳ್ಳುತ್ತಾರೆ, ನಾಳೆ ನಲ್ಲಿಯ ಹತ್ತಿರ ಮುಖ ಎತ್ತಿ ಹೇಗೆ ನಿಲ್ಲಲಿ... ನನಗೆ ಇದೊಂದೇ ಹೆದರಿಕೆ. ಅವ್ವ ಬೀದಿಬಾಗಿಲು ಹಾಕಿ, ಪಲ್ಯವನ್ನು ಹಸುವಿನ ಕಲಗಚ್ಚಿಗೆ ಸುರಿಯಲು ಹಿತ್ತಲಿಗೆ ಹೊರಟಳು. ಆ ಹಿತ್ತಲಿನಿಂದಲೇ ದೊಡ್ಡವ್ವ ಒಳಗೆ ಬಂದರು.

"ಇದ್ನ ತಿನ್ನಕ್ಕೆ ಮನ್ಸು ಬರಲ್ಲ ಕಣಕ್ಕ," ಅಂದಳು ಅವ್ವ.

"ಗಂಡಿನ ಕಡೆಯೋರು ಬರ್ನಿಲ್ಲ ಅಂದ್ರೆ ಆಲೂಗೆಡ್ಡೆ ಏನವ್ವ ತಪ್ಪು ಮಾಡ್ತು? ಕೊಡಿಲ್ಲಿ. ಅಂಗೇ ಅಕ್ಕಿಹಿಟ್ಟು ತತ್ತಾ."

ಪಲ್ಯ ಹಿಸುಕಿ, ಹಿಟ್ಟು ಹಾಕಿ, ಮಡಿಲಲ್ಲಿ ತಂದಿದ್ದ ಸಬ್ಬಸಿಗೆ ಸೊಪ್ಪು ಮುರಿದು ಸೇರಿಸಿ ಕಲಸಿದರು. ಆಮೇಲೆ, ರೇಷ್ಮೆ ಸೀರೆಯಲ್ಲೇ ಮೂಲೆ ಹಿಡಿದಿದ್ದ ನನ್ನನ್ನು ಎಬ್ಬಿಸಿ ಮುಂದೆ ಬಾಳೆಲೆ ಹಾಸಿದರು. "ತಟ್ಟು ಮಗ. ಅಳೋದಾದ್ರೆ ಅಳ್ತಾನೇ ತಟ್ಟು, ಉಪ್ಪು ಕಮ್ಮಿ ಆಕಿವ್ನಿ."

ಅಳುತ್ತಿದ್ದವಳಿಗೆ ನಗು ಬಂತು. ಮೊದಲ ರೊಟ್ಟಿ ಎಲೆ ಬಿಡಿಸುವಾಗಲೇ ಹರಿಯಿತು. ಅವರು ಅದನ್ನು ಬದಿಗೆ ಎತ್ತಿಟ್ಟುಕೊಂಡು, "ಅರಿದಿದ್ದು ನಂಗಿರ್ಲಿ," ಅಂದರು.

ತಟ್ಟೆ ತುಂಬುತ್ತಲೇ ನನ್ನ ಕೈ ಹಿಡಿದು ಬೀದಿಗೆ ಹೊರಟರು. ಅವ್ವ ಬೇಡ ಬೇಡವೆಂದರೂ ಕೇಳಲಿಲ್ಲ. "ಅವ್ರಿವ್ರು ಏಳಕ್ಮುಂಚೆ ನಾವೇ ಏಳ್ಬುಡಾನ ಬುಡವ್ವ," ಅಂದರು. ಪ್ರತಿ ಬಾಗಿಲಲ್ಲೂ ಒಂದೇ ಮಾತು. "ನೆಂಟ್ರು ಬರ್ನಿಲ್ಲ ಕಣವ್ವ, ಬೇರೆ ಕಡೆ ಒಪ್ಕೊಂಡ್ರಂತೆ. ಪಲ್ಯ ಮಿಕ್ತು, ನಮ್ ಉಡ್ಗಿ ರೊಟ್ಟಿ ತಟ್ಟವ್ಳೆ. ತಿಂದು ನೋಡು."

ಗುಸುಗುಸು ಮಾಡಲು ಯಾರಿಗೂ ಏನೂ ಉಳಿಯಲಿಲ್ಲ. ಕೊನೆಯ ಮನೆಯಾಕೆ ಒಂದು ಚೂರು ಬಾಯಿಗೆ ಹಾಕಿಕೊಂಡು ಉಪ್ಪು ಕಮ್ಮಿ ಅಂದಳು. ದೊಡ್ಡವ್ವ ನನ್ನ ಮುಖ ನೋಡಿದರು. ನಾನು ಬೀದಿಯಲ್ಲೇ ಜೋರಾಗಿ ನಕ್ಕುಬಿಟ್ಟೆ. ಮಾರನೆಯ ಬೆಳಿಗ್ಗೆ ಎಂದಿನಂತೆ ನಲ್ಲಿಗೆ ಹೋದೆ.

ಆಮೇಲೆ ಕೋಟೆಗೆ ಮದುವೆಯಾಗಿ ಬಂದೆ. ತವರಿಗೆ ಹೋದಾಗಲೆಲ್ಲ ಎದುರುಮನೆಗೂ ಹೋಗುತ್ತಿದ್ದೆ. ಆ ದಿನದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ... ಹೋದ ವರ್ಷ ದೊಡ್ಡವ್ವ ತೀರಿಕೊಂಡರು. ಸುದ್ದಿ ತಿಳಿದು ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಮ್ಮೆ ನನ್ನ ಮನೆಗೆ ಕರೆತಂದು, ಹರಿಯದ ರೊಟ್ಟಿಯೊಂದನ್ನು ಅವರಿಗೆ ಬಡಿಸಬೇಕೆಂಬ ಆಸೆ ಆಸೆಯಾಗಿಯೇ ಉಳಿಯಿತು.

ಇವತ್ತೂ ಮೊದಲನೆಯದು ಹರಿಯಿತು. ಪಲ್ಯ ಜಾಸ್ತಿಯಾಗಿತ್ತೇನೋ. ಚೆನ್ನಾಗಿ ಬಂದವನ್ನು ಮನೆಯವರ ತಟ್ಟೆಗೆ ಹಾಕಿ, ಹರಿದದ್ದನ್ನು ಬದಿಗಿಟ್ಟೆ. ಎಲ್ಲರೂ ತಿಂದು ಎದ್ದರು. ಅದು ಅಲ್ಲೇ ಆರುತ್ತಿತ್ತು. ನಂಗಿರ್ಲಿ ಅನ್ನುವವರು ಯಾರೂ ಇರಲಿಲ್ಲ.